ಸೀಸನ್ ಮುಗಿದ ಮೇಲೆ

2025ರ ಜನವರಿ ಮೊದಲ ವಾರದ ಒಂದು ಸಂಜೆ. ಬೆಸಂಟ್ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಒಂಬತ್ತನೆಯ ತರಗತಿಯ ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹಾಲಿನಂಥ ಬಿಳಿ ಮರಳು, ನವಿಲಿನ ಕತ್ತಿನ ಬಣ್ಣದ ನೀರು, ಬಾಗಿದ ಒಂದು ತೆಂಗಿನ ಮರ. ಕೆರಿಬಿಯನ್ ದ್ವೀಪವಂತೆ. “ಅಪ್ಪ, ರಜೆಯ ಸೀಸನ್ ಮುಗಿದ ಮೇಲೆ ಇಲ್ಲಿ ಎಲ್ಲ ಅಗ್ಗವಂತೆ. ನಾವೂ ಹೋಗೋಣವೇ?” ಎಂದಳು. ಮಗ ಆಗಲೇ ಶಾಲೆಯ ಚೀಲ ಖಾಲಿ ಮಾಡಿ ಬಟ್ಟೆ ತುಂಬಲು ಸಿದ್ಧನಾಗಿದ್ದ.

ಕೇಂದ್ರ ಸರ್ಕಾರದ ಗುಮಾಸ್ತನ ಮನೆಯಲ್ಲಿ ಇಂಥ ಪ್ರಶ್ನೆಗೆ ನಗುವೇ ಉತ್ತರ. ನಾವೂ ನಕ್ಕೆವು. ಆದರೆ ಆ ನಗೆ ಮುಗಿದ ಮೇಲೆ ಉಳಿದ ಪ್ರಶ್ನೆ ನಮ್ಮನ್ನು ಆರು ತಿಂಗಳು ಕಾಡಿತು. ಅದು ದುಡ್ಡಿನ ಪ್ರಶ್ನೆಯಾಗಿ ಆರಂಭವಾಗಿ ಬೇರೆಯೇ ಪ್ರಶ್ನೆಯಾಗಿ ಮುಗಿದುದರಿಂದ, ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮ ಸಂಘದ ಬಂಧುಗಳ ಮುಂದೆ ಇಡುವ ಧೈರ್ಯ ಮಾಡಿದ್ದೇವೆ.

ಕೆರಿಬಿಯನ್ ನಮಗೆ ತೀರ ಅಪರಿಚಿತ ಊರೇನಲ್ಲ. ಅಪ್ಪಯ್ಯನ ತಲೆಮಾರಿಗೆ ಅದು ರೇಡಿಯೋದೊಳಗಿನ ದೇಶ. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ ನಾಲ್ಕೇ ವಿಕೆಟ್ಟಿಗೆ 406 ಓಟ ಹೊಡೆದು ಗೆದ್ದಾಗ ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದದ್ದನ್ನು ಅಪ್ಪಯ್ಯ ಕೊನೆಯವರೆಗೂ ಹೇಳುತ್ತಿದ್ದರು. ನಮ್ಮ ತಲೆಮಾರಿಗೆ ಅದು 2002ರ ಆಂಟಿಗುವಾ: ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾನನ್ನು ಔಟ್ ಮಾಡಿದ ಅನಿಲ್ ಕುಂಬ್ಳೆ. ಅಲ್ಲಿ ಮರಳು ಬೆಳ್ಳಗಿದೆಯೋ ಕಪ್ಪಗಿದೆಯೋ ಎಂದು ಆಗ ಯಾರೂ ಕೇಳಿರಲಿಲ್ಲ.

ಅದಕ್ಕೂ ಹಿಂದೆ ಅಲ್ಲಿಗೆ ಹೋದ ಭಾರತೀಯರು ಯಾರು? 1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗು ಮೊದಲ ಕರಾರು ಕೂಲಿಗಳನ್ನು ಟ್ರಿನಿಡಾಡಿಗೆ ಇಳಿಸಿತು. ಇದೇ ಮದ್ರಾಸಿನ ಬಂದರಿನಿಂದಲೂ ಕೂಲಿಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರು. 1917ರವರೆಗೆ ಈ ಪದ್ಧತಿ ನಡೆಯಿತು. ಅವರಿಗೆ ಆ ನೀಲಿ ನೀರು ಸುಂದರವಾಗಿ ಕಂಡಿತೇ? ಹೊಟ್ಟೆಪಾಡಿಗಾಗಿ ಊರು ಬಿಟ್ಟವನಿಗೆ ದಾರಿಯ ಚೆಲುವು ಕಾಣುವುದು ಕಷ್ಟ. ಉಡುಪಿಯ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲುಗಳ ಅಡಿಗೆಮನೆಯಲ್ಲಿ ಹರೆಯ ಸವೆಸಿದ ಎಷ್ಟೋ ಹಿರಿಯರಿಗೆ ಮರೀನಾ ಬೀಚು ಕೂಗಳತೆಯಲ್ಲಿದ್ದೂ ವರ್ಷಕ್ಕೊಮ್ಮೆ ಕಾಣುವ ವಸ್ತುವಾಗಿತ್ತು.

ಬಿ.ಎಸ್‌ಸಿ. ಓದಿದ ದೋಷಕ್ಕೆ, ಯಾವುದು ಏಕೆ ಅಗ್ಗವೆಂದು ವಿಚಾರಿಸದೆ ನಮಗೆ ನಿದ್ದೆ ಬರುವುದಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಜನಸಂದಣಿ. ಚಳಿಯಿಂದ ತಪ್ಪಿಸಿಕೊಳ್ಳಲು ಅಮೆರಿಕ, ಕೆನಡಾ, ಯೂರೋಪಿನವರು ಬರುತ್ತಾರೆ. ಅವರ ಚಳಿ ಕಳೆದ ಮೇಲೆ ಕೋಣೆಗಳು ಖಾಲಿ, ಬೆಲೆ ಇಳಿಮುಖ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನೆಡಾಕ್ಕೆ ಸೇರಿದ ಕ್ಯಾರಿಯಾಕು ಎಂಬ ಪುಟ್ಟ ದ್ವೀಪವನ್ನು ನುಚ್ಚುನೂರು ಮಾಡಿತು. ಪ್ರವಾಸಿಗೆ ಅದು ‘ಆಫ್ ಸೀಸನ್’; ಅಲ್ಲಿ ಮನೆ ಕಟ್ಟಿಕೊಂಡವನಿಗೆ ಅದು ಬದುಕಿನ ಅರ್ಧ ವರ್ಷ. ಚೆನ್ನೈಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಬಂದಾಗ ಮೆಟ್ಟಿಲ ಮೇಲೆ ಕುಳಿತು ನೀರು ಇಳಿಯುವುದನ್ನು ಕಾದ ನಮಗೆ, ಈಗ ಚೆನ್ನೈ ಅಗ್ಗ ಎಂದು ಯಾರಾದರೂ ಹೇಳಿದ್ದರೆ ಹೇಗಿರುತ್ತಿತ್ತು?

ಕೆರಿಬಿಯನ್ನಿನ ಲೆಕ್ಕ ಒಂದೇ ಹಾಳೆಯಲ್ಲಿ ಮುಗಿಯಿತು. ಇಲ್ಲಿಂದ ನೇರ ವಿಮಾನವಿಲ್ಲ. ಎರಡು ಕಡೆ ಇಳಿದು ಹತ್ತಬೇಕು. ಅಲ್ಲಿನ ಕೋಣೆ ಪುಕ್ಕಟೆ ಕೊಟ್ಟರೂ ನಾಲ್ಕು ಜನರ ವಿಮಾನದ ಖರ್ಚಿಗೆ ಭವಿಷ್ಯನಿಧಿಗೆ ಕೈ ಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗುಮಾಸ್ತರಿಗಾಗಿಯೇ ಹುಟ್ಟಿದ್ದು.

ಆಗ ಮಗಳೇ ಇನ್ನೊಂದು ದಾರಿ ತೋರಿಸಿದಳು. “ಕೆರಿಬಿಯನ್ ಬೇಡ, ಅಂಡಮಾನ್? ನಿಮ್ಮ ಆಫೀಸಿನಲ್ಲಿ ಎಲ್.ಟಿ.ಸಿ. ಕೊಡುತ್ತಾರಲ್ಲ?”

ಓದುಗರಲ್ಲಿ ರೈಲ್ವೆ, ಅಂಚೆ, ಕಸ್ಟಮ್ಸ್ ಕಚೇರಿಗಳಲ್ಲಿ ದುಡಿಯುವ ಅನೇಕರಿಗೆ ಈ ಮೂರಕ್ಷರ ಗೊತ್ತಿದ್ದರೂ, ಉಳಿದವರಿಗಾಗಿ ಎರಡು ಮಾತು. ರಜಾ ಪ್ರಯಾಣ ರಿಯಾಯಿತಿಯ ಪ್ರಕಾರ ಕೇಂದ್ರ ನೌಕರ ಎರಡು ವರ್ಷದ ಅವಧಿಗೊಮ್ಮೆ ಸಂಸಾರಸಮೇತ ತನ್ನ ‘ಹೋಮ್ ಟೌನ್’ಗೆ, ಅಂದರೆ ಸ್ವಂತ ಊರಿಗೆ, ಸರ್ಕಾರದ ಖರ್ಚಿನಲ್ಲಿ ಹೋಗಿಬರಬಹುದು. ನಾಲ್ಕು ವರ್ಷಕ್ಕೊಮ್ಮೆ ಊರಿನ ಬದಲು ದೇಶದ ಯಾವ ಭಾಗಕ್ಕಾದರೂ ಹೋಗಬಹುದು. ಸಿಗುವುದು ಟಿಕೆಟ್ಟಿನ ಹಣ ಮಾತ್ರ; ಊಟ ವಸತಿ ನಮ್ಮದೇ. 2014ರಿಂದ ಒಂದು ವಿಶೇಷ ರಿಯಾಯಿತಿಯನ್ನು ಎರಡೆರಡು ವರ್ಷಕ್ಕೆ ವಿಸ್ತರಿಸುತ್ತ ಬಂದಿದ್ದಾರೆ: ಊರಿನ ಸೌಲಭ್ಯವನ್ನು ಅಂಡಮಾನಿಗೆ ತಿರುಗಿಸಿಕೊಳ್ಳಬಹುದು, ಮತ್ತು ವಿಮಾನಕ್ಕೆ ಅರ್ಹತೆಯಿಲ್ಲದ ನಮ್ಮಂಥವರೂ ಚೆನ್ನೈಯಿಂದ ವಿಮಾನದಲ್ಲೇ ಹಾರಬಹುದು.

‘ಊರಿನ ಬದಲು’ ಎಂಬ ಎರಡು ಪದಗಳೇ ಇಲ್ಲಿಯ ಧರ್ಮಸಂಕಟ.

ಕೆಲಸಕ್ಕೆ ಸೇರಿದ ದಿನ ನಾವು ‘ಹೋಮ್ ಟೌನ್’ ಎಂಬ ಅಂಕಣದಲ್ಲಿ ಉಡುಪಿ ಜಿಲ್ಲೆಯ ಕಡಲಂಚಿನ ಒಂದು ಸಣ್ಣ ಊರಿನ ಹೆಸರು ಬರೆದೆವು. ಅದನ್ನು ಸೇವಾವಧಿಯಲ್ಲಿ ಹೆಚ್ಚೆಂದರೆ ಒಂದೇ ಒಂದು ಸಲ, ಅದೂ ಸರಿಯಾದ ಕಾರಣವಿದ್ದರೆ, ಬದಲಿಸಬಹುದು. ಊರು ಯಾವುದೆಂಬ ಪ್ರಶ್ನೆಯನ್ನು ಸರ್ಕಾರ ನಮಗಿಂತ ಗಂಭೀರವಾಗಿ ತೆಗೆದುಕೊಂಡಿದೆ ಎಂದರೆ ತಪ್ಪಾಗಲಾರದು. ಆ ಊರಿನಲ್ಲಿ ಈಗ ಅಮ್ಮ ಒಬ್ಬರೇ ಇದ್ದಾರೆ. ಬಾವಿ, ಹತ್ತು ತೆಂಗಿನ ಮರ, ಒಂದು ದನ ಇವುಗಳನ್ನು ಬಿಟ್ಟು ಚೆನ್ನೈಗೆ ಬರುವವರಲ್ಲ. ಅಂಡಮಾನಿಗಂತೂ ಬರುವ ಮಾತೇ ಇಲ್ಲ. ಅವಧಿಗೊಮ್ಮೆ ಮೇ ತಿಂಗಳಲ್ಲಿ ಮಂಗಳೂರು ಮೇಲಿನಲ್ಲಿ ಹೋಗಿ ಹತ್ತು ದಿನ ಇದ್ದು ಬರುವುದು ನಮ್ಮ ಕ್ರಮವಾಗಿತ್ತು.

ಹಾಗಾದರೆ ಅಮ್ಮನ ಪಾಲಿನ ಟಿಕೆಟ್ಟನ್ನು ನೀಲಿ ನೀರಿಗೆ ಕೊಡುವುದು ನ್ಯಾಯವೇ? ನಮ್ಮ ಮನಸ್ಸು ಕೂಡಲೇ ತೀರ್ಪು ಕೊಟ್ಟಿತು: ಅನ್ಯಾಯ. ಅದನ್ನು ಮನೆಯಾಕೆಯ ಮುಂದೆ ಹೇಳಿದೆವು. ಅವರು ಅರಸೀಕೆರೆಯ ಕಡೆಯವರು. ಮದುವೆಯಾದ ಮೇಲೆಯೇ ಕಡಲು ಕಂಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ರೀ, ಹದಿನೇಳು ವರ್ಷದಲ್ಲಿ ನಾವು ಊರಿಗೆ, ಮದುವೆಗೆ, ಸೂತಕಕ್ಕೆ ಬಿಟ್ಟು ಎಲ್ಲಿಗಾದರೂ ಹೋಗಿದ್ದೇವಾ? ಊರಿಗೆ ಹೋಗುವುದು ನಿಮಗೆ ರಜೆ. ನನಗೆ ಈ ಅಡಿಗೆಮನೆಯಿಂದ ಆ ಅಡಿಗೆಮನೆಗೆ ವರ್ಗ.”

ಸೇವಾ ನಿಯಮಗಳ ಪುಸ್ತಕದಲ್ಲಿ ಈ ಮಾತಿಗೆ ಉತ್ತರವಿರಲಿಲ್ಲ. ತ್ಯಾಗದ ಮಾತು ಆಡುವಾಗ ನಾವು ನಮ್ಮ ಸುಖವನ್ನು ಬಿಡುತ್ತಿದ್ದೇವೆಯೋ, ಬೇರೆಯವರ ಸುಖವನ್ನು ಬಿಡಿಸುತ್ತಿದ್ದೇವೆಯೋ ಎಂದು ನೋಡಿಕೊಳ್ಳಬೇಕು. ತಾಯಿಯ ಋಣ ನಮ್ಮದು. ಅದರ ಕಂತನ್ನು ಇಷ್ಟು ವರ್ಷ ಹೆಂಡತಿಯ ರಜೆಯಿಂದ ಕಟ್ಟುತ್ತ ಬಂದು, ಕಟ್ಟಿದವರು ನಾವೇ ಎಂದುಕೊಂಡಿದ್ದೆವು. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಸುತ್ತುವುದನ್ನು ಮೊದಲು ಇಟ್ಟಿದ್ದಾರೆ; ಅದು ಗಂಡಸರಿಗೆ ಮಾತ್ರ ಎಂದೇನೂ ಹೇಳಿಲ್ಲ.

ಆ ರಾತ್ರಿ ಹಳೆಯ ಡೈರಿ ತೆಗೆದು ನೋಡಿದೆವು. ಅಪ್ಪಯ್ಯ ತೀರಿಕೊಂಡ ಮೇಲೆ ಊರಿಗೆ ಹೋದದ್ದು 2017, 2019, 2021, 2023. ದಿನಾಂಕಗಳ ಎದುರು ಎಲ್.ಟಿ.ಸಿ.ಯ ಅವಧಿಗಳನ್ನಿಟ್ಟು ನೋಡಿದರೆ ಒಂದೂ ತಪ್ಪಿಲ್ಲದೆ ಹೊಂದಿಕೊಂಡವು. ಮಧ್ಯದ ವರ್ಷಗಳಲ್ಲಿ ಒಮ್ಮೆಯೂ ಸ್ವಂತ ಖರ್ಚಿನಲ್ಲಿ ಹೋಗಿರಲಿಲ್ಲ. ಅಮ್ಮನನ್ನು ನೋಡಬೇಕೆಂಬ ಹಂಬಲ ಸರ್ಕಾರದ ಅವಧಿಗೆ ಸರಿಯಾಗಿ ಎರಡು ವರ್ಷಕ್ಕೊಮ್ಮೆ ಹುಟ್ಟಿ, ಬಿಲ್ಲು ಪಾಸಾದ ಮೇಲೆ ಆರುತ್ತಿತ್ತು. ಅಮ್ಮನ ಪಾಲು ಎಂದು ನಾವು ಹೆಮ್ಮೆಯಿಂದ ಕರೆದದ್ದು ನಿಜವಾಗಿ ಸರ್ಕಾರದ ಪಾಲು. ನಮ್ಮದೆಂದು ಅದರಲ್ಲಿ ಏನಿತ್ತು?

ಇನ್ನು ಒಂದು ಪ್ರಲೋಭನೆಯ ಸಂಗತಿ. ಕಚೇರಿಯ ಹೊರಗಿನ ಟೀ ಅಂಗಡಿಯಲ್ಲಿ ಒಬ್ಬರು ಏಜೆಂಟರು ಪರಿಚಯವಾದರು. ಟಿಕೆಟ್ಟಿಗೆ ಹೆಚ್ಚು ಹಣದ ಬಿಲ್ಲು ಕೊಡುತ್ತಾರಂತೆ. ಆ ಹೆಚ್ಚಳದಲ್ಲಿ ಕೋಣೆ, ಊಟ, ದೋಣಿ ಎಲ್ಲ ‘ಫ್ರೀ’. “ಎಲ್ಲರೂ ಮಾಡುತ್ತಾರೆ ಸಾರ್” ಎಂದರು. ವಿಮಾನದ ಟಿಕೆಟ್ಟನ್ನು ಸರ್ಕಾರ ಗೊತ್ತುಮಾಡಿದ ಮೂರು ಸಂಸ್ಥೆಗಳ ಮೂಲಕವೇ ಕೊಳ್ಳಬೇಕೆಂಬ ನಿಯಮ ಬಂದಿರುವುದೇ ಇಂಥ ಬಿಲ್ಲುಗಳಿಂದ. ನಾವು ಬೇಡವೆಂದೆವು. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ, ಬೇಡವೆಂದಾಗ ನಮ್ಮ ಬಾಯಿಂದ ಮಾತನಾಡಿದ್ದು ಧರ್ಮವೋ ಇಲಾಖಾ ವಿಚಾರಣೆಯ ಭಯವೋ ನಮಗೇ ತಿಳಿಯದು. ಅರ್ಧ ಭಯ, ಅರ್ಧ ಸಂಕೋಚ ಇರಬೇಕು. ಭಯದಿಂದ ಹುಟ್ಟಿದ ಪ್ರಾಮಾಣಿಕತೆಯನ್ನು ಪ್ರಾಮಾಣಿಕತೆ ಎನ್ನಬಹುದೇ? ನಮ್ಮ ಅನುಭವದಲ್ಲಿ, ಹೇಗೆ ಹುಟ್ಟಿದರೂ ಅದು ಮನೆಯಲ್ಲಿ ಉಳಿದುಕೊಂಡರೆ ಮಕ್ಕಳು ಅದನ್ನು ಭಯವೆಂದು ತಿಳಿಯದೆ ಪದ್ಧತಿಯೆಂದು ತಿಳಿದು ಬೆಳೆಯುತ್ತಾರೆ.

ಕೊನೆಗೆ ತೀರ್ಮಾನ ಹೀಗಾಯಿತು: ಎಲ್.ಟಿ.ಸಿ. ಅಂಡಮಾನಿಗೆ; ಅಮ್ಮನ ಬಳಿಗೆ ಅದೇ ವರ್ಷ ನಮ್ಮ ಸ್ವಂತ ಖರ್ಚಿನಲ್ಲಿ. ಸುಖಕ್ಕೆ ಸರ್ಕಾರ ಕೊಟ್ಟರೆ ಸಂತೋಷ, ಋಣಕ್ಕೆ ಮಾತ್ರ ನಮ್ಮ ಕಿಸೆಯೇ ಕೊಡಲಿ. ಅಮ್ಮನಿಗೆ ಫೋನಿನಲ್ಲಿ ಅಂಜುತ್ತಲೇ ತಿಳಿಸಿದೆವು. ಅವರು, “ಹೋಯ್ ಬನ್ನಿ ಮಕ್ಳೆ. ಇಲ್ಲಿನ್ ಕಡ್ಲ್ ಎಲ್ಲಿಗೂ ಓಡಿ ಹೋತಿಲ್ಲೆ” ಎಂದರು.

ಹೊಸ ವರ್ಷ, ಪೊಂಗಲ್, ಗಣರಾಜ್ಯೋತ್ಸವ ಎಲ್ಲ ಕಳೆದು ಜನ ತೆರವಾದ ಮೇಲೆ, ಫೆಬ್ರವರಿ ಮೊದಲ ವಾರ ಹೊರಟೆವು. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್ ಚೆನ್ನೈಯಿಂದ ಸುಮಾರು 1,370 ಕಿಲೋಮೀಟರ್. ಹಡಗಿನಲ್ಲಾದರೆ ಮೂರು ದಿನ, ವಿಮಾನದಲ್ಲಿ ಎರಡೂಕಾಲು ಗಂಟೆ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲಿನ ಒಂಟಿ ಕೋಣೆಯಲ್ಲಿ ಮಗ ಒಂದು ನಿಮಿಷ ನಿಂತು ಹೊರಗೆ ಓಡಿ ಬಂದ. ಕರಿನೀರಿನ ಶಿಕ್ಷೆ ಎಂದು ಯಾವ ನೀರಿಗೆ ಹೆದರುತ್ತಿದ್ದರೋ ಅದೇ ನೀರು ನೋಡಲು ನಾವು ರಜಾ ಅರ್ಜಿ ಹಾಕಿ ಬಂದಿದ್ದೆವು.

ಹ್ಯಾವ್‌ಲಾಕ್ ದ್ವೀಪದಲ್ಲಿ, ಅಂದರೆ 2018ರಿಂದ ಸ್ವರಾಜ್ ದ್ವೀಪದಲ್ಲಿ, ಒಂದು ಸಣ್ಣ ವಸತಿಗೃಹ. ನಡೆಸುವವರು ದೇಶ ವಿಭಜನೆಯ ನಂತರ ಅಲ್ಲಿಗೆ ಬಂದು ನೆಲೆಸಿದ ಬಂಗಾಳಿ ಮನೆತನದವರು. ಸೀಸನ್ ಕಳೆದದ್ದರಿಂದ ಕೋಣೆಯ ಬಾಡಿಗೆಯನ್ನು ಅವರೇ ಇಳಿಸಿದ್ದರು. ನಮ್ಮ ರಂಗನಾಥನ್ ಬೀದಿಯ ಅಭ್ಯಾಸ ಬಿಡಬೇಕಲ್ಲ. ಇನ್ನೂ ಇನ್ನೂರು ಕಡಿಮೆ ಮಾಡಿ ಎಂದೆವು. ಆ ಹೆಂಗಸು ಮಾತಾಡದೆ ಕೀಲಿ ಮುಂದಿಟ್ಟು ತಲೆಯಾಡಿಸಿದರು. ಮನೆಯಾಕೆ ನಮ್ಮ ಕೈ ಹಿಡಿದು, “ಬೇಡ ರೀ. ಜನ ಬರದ ತಿಂಗಳಲ್ಲಿ ಅವರೂ ಊಟ ಮಾಡಬೇಕಲ್ಲ” ಎಂದರು. ಸೀಸನ್ ಮುಗಿದ ಮೇಲೆ ಸಿಗುವ ಅಗ್ಗವನ್ನು ಯಾರೋ ಒಬ್ಬರು ತಮ್ಮ ಕೈಯಿಂದ ಕೊಡುತ್ತಿರುತ್ತಾರೆ. ಖಾಲಿ ಬಿದ್ದ ಕೋಣೆಗೆ ನಾಲ್ವರು ಬಂದದ್ದು ಅವರಿಗೂ ಸಹಾಯವೇ. ಹಾಗೆಂದು ಅವರು ಇಳಿದು ಬಂದಲ್ಲಿಂದ ಇನ್ನೂ ಕೆಳಕ್ಕೆ ಎಳೆಯುವುದು ವ್ಯಾಪಾರವಲ್ಲ. ಇಳಿಸಿದ ಬೆಲೆಯನ್ನೇ ಕೊಟ್ಟೆವು.

ರಾಧಾನಗರ ಬೀಚಿನ ವರ್ಣನೆಗೆ ನಮ್ಮ ಗುಮಾಸ್ತಗಿರಿಯ ಕನ್ನಡ ಸಾಲದು. ಮಗಳ ಫೋನಿನ ಕೆರಿಬಿಯನ್ ಚಿತ್ರವೇ ಎದ್ದು ಬಂದು ಎದುರಿಗೆ ನಿಂತಂತಿತ್ತು. “ನಮ್ಮೂರಿನ ಕಡಲು ಏಕೆ ಹೀಗಿಲ್ಲ?” ಎಂದು ಮಗ ಕೇಳಿದ. ನಮ್ಮ ಬಿ.ಎಸ್‌ಸಿ. ಉಪಯೋಗಕ್ಕೆ ಬಂದ ಅಪರೂಪದ ಗಳಿಗೆ. ಇಷ್ಟು ತಿಳಿಯಾದ ನೀಲಿ ನೀರಿನಲ್ಲಿ ಜೀವಿಗಳಿಗೆ ಬೇಕಾದ ಪೋಷಕಾಂಶ ಕಡಿಮೆ, ತೇಲುವ ಸೂಕ್ಷ್ಮ ಸಸ್ಯಗಳು ಕಡಿಮೆ. ಅದಕ್ಕೇ ತಳ ಕಾಣುತ್ತದೆ. ನಮ್ಮೂರಿನ ಕಡಲಿಗೆ ಹೊಳೆಗಳು ಮಣ್ಣು ತಂದು ಸುರಿಯುತ್ತವೆ. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಸತ್ವವನ್ನು ಹೊತ್ತು ಮೇಲೇಳುತ್ತದೆ. ನೀರು ಮಂಕು, ಆದರೆ ಬೂತಾಯಿ ಬಂಗುಡೆಗಳಿಗೆ ಅದೇ ಅನ್ನದ ಕಣಜ. ನೋಡಲು ಚೆಂದದ ನೀರು ಬಡ ನೀರು, ಮಂಕು ನೀರು ಉಣಿಸುವ ನೀರು. ಹೀಗೆಂದು ಚೆಂದದ ನೀರನ್ನು ಹೀಗಳೆಯುವುದೂ ಸಲ್ಲ. ಮನೆಯಾಕೆ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ಒಂದು ಗಂಟೆ ಸುಮ್ಮನೆ ನಿಂತಿದ್ದರು. ಆ ಒಂದು ಗಂಟೆಯಲ್ಲಿ ಯಾರೂ ಅವರನ್ನು ಏನನ್ನೂ ಕೇಳಲಿಲ್ಲ. ಮನುಷ್ಯನಿಗೆ ಅನ್ನವಲ್ಲದ ಹಸಿವುಗಳೂ ಇವೆ.

ಐದೂವರೆಗೆಲ್ಲ ಸೂರ್ಯ ನೀರಿಗಿಳಿದ. ಚೆನ್ನೈಯ ಕಡಲಿನಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುವುದಿಲ್ಲ. ಬಹಳ ದಿನಗಳ ಮೇಲೆ ನೀರಿನಲ್ಲಿ ಮುಳುಗುವ ಸೂರ್ಯನನ್ನು ಕಂಡಾಗ ಊರು ನೆನಪಾಗದಿರುವುದು ಸಾಧ್ಯವಿಲ್ಲ. ಅಮ್ಮನಿಗೆ ಫೋನ್ ಮಾಡಿದೆವು. 2020ರಲ್ಲಿ ಚೆನ್ನೈಯಿಂದ ಅಂಡಮಾನಿಗೆ ಕಡಲ ತಳದಲ್ಲಿ ಹಾಸಿದ ತಂತಿಯ ದಯೆಯಿಂದ ದನಿ ಸ್ಪಷ್ಟವಾಗಿ ಕೇಳಿಸಿತು. “ಇಲ್ಲಿ ಇನ್ನೂ ಬಿಸ್ಲ್ ಇತ್ತ್” ಎಂದರು ಅಮ್ಮ. ಹದಿನೆಂಟು ರೇಖಾಂಶದ ಅಂತರ, ರೇಖಾಂಶಕ್ಕೆ ನಾಲ್ಕು ನಿಮಿಷ. ನಮ್ಮೆದುರು ಮುಳುಗಿದ ಸೂರ್ಯ ಅಮ್ಮನ ಕಡಲಿಗೆ ಇಳಿಯಲು ಇನ್ನೂ ಒಂದು ಗಂಟೆ ಹನ್ನೆರಡು ನಿಮಿಷ ಬೇಕಿತ್ತು. “ಈ ಸಲ ಯಾವಾಗ ಬತ್ರಿ?” ಎಂದು ಅವರು ಕೇಳಲಿಲ್ಲ. ಎಂದೂ ಕೇಳಿದವರಲ್ಲ.

ಜುಲೈಯಲ್ಲಿ ಊರಿಗೆ ಹೋದೆವು. ಮೇ ತಿಂಗಳಲ್ಲಿ ಹೋಗಲಾಗಲಿಲ್ಲವೆಂಬುದು ನಿಮಿತ್ತ. ಗುರುವಾರ ರಾತ್ರಿ ಮಂಗಳೂರು ಮೇಲ್ ಹತ್ತಿ, ಸೋಮವಾರ ಬೆಳಿಗ್ಗೆ ಚೆನ್ನೈಯಲ್ಲಿ ಇಳಿಯುವ ಲೆಕ್ಕ. ಊರಿನಲ್ಲಿ ಅದು ಯಾರೂ ಬಾರದ ಕಾಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಂತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕಲು ಕಡಲಿಗೆ ಕೊಟ್ಟ ರಜೆ. ಎರಡು ದಿನಗಳಿಂದ ಕರೆಂಟಿರಲಿಲ್ಲ. ಕಡಲು ಮನೆಯ ಹಿಂದೆಯೇ ಬಂದಂತೆ ಮೊರೆಯುತ್ತಿತ್ತು. ಅಮ್ಮ ಬಾಗಿಲು ತೆಗೆದು, ನಮ್ಮನ್ನೂ ಮಳೆಯನ್ನೂ ನೋಡಿ, “ಮಳಿಗಾಲ್ದಗೆ ಯಾರ್ ಬತ್ರ್ ಮಾಣಿ?” ಎಂದರು. ನಾಲ್ವತ್ತು ದಾಟಿದ ನಮ್ಮನ್ನು ಮಾಣಿ ಎನ್ನುವವರು ಲೋಕದಲ್ಲಿ ಅವರೊಬ್ಬರೇ.

ಆ ಎರಡು ದಿನ ಕಂಡದ್ದು ಇಪ್ಪತ್ತು ವರ್ಷದಿಂದ ನಾವು ಕಾಣದ ಮನೆ. ಅಡಿಗೆಮನೆಯ ಮೂಲೆಯಲ್ಲಿ ಹೆಂಚು ಸರಿದು ನೀರು ಸೋರುವಲ್ಲಿ ಅಮ್ಮ ಕೊಪ್ಪರಿಗೆ ಇಟ್ಟಿದ್ದರು. ರಾತ್ರಿ ಎರಡು ಸಲ ಎದ್ದು ಅದನ್ನು ಚೆಲ್ಲುತ್ತಿದ್ದರು. ಮೇ ತಿಂಗಳಲ್ಲಿ ಹೋದವರಿಗೆ ಹೆಂಚು ಸೋರುವುದು ಹೇಗೆ ತಿಳಿಯಬೇಕು? ಬಾವಿಕಟ್ಟೆಯ ದಾರಿಯಲ್ಲಿ ಪಾಚಿ ಕಟ್ಟಿತ್ತು. ಅಲ್ಲಿ ಹಿಡಿದು ನಡೆಯಲು ಅವರೇ ಒಂದು ಹಗ್ಗ ಕಟ್ಟಿಕೊಂಡಿದ್ದರು. ಮೇ ತಿಂಗಳಲ್ಲಿ ಆ ಹಗ್ಗವನ್ನು ನಾವು ಬಟ್ಟೆ ಒಣಗಿಸುವ ಹಗ್ಗವೆಂದುಕೊಂಡಿದ್ದೆವು.

ಕಷ್ಟ ಮಾತ್ರವಲ್ಲ, ಸುಖವನ್ನೂ ಕಂಡೆವು. ಕೆಸುವಿನ ಎಲೆಯ ಪತ್ರೊಡೆ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಬೇಸಿಗೆಯಲ್ಲಿ ನಮ್ಮ ಕಣ್ಣೆದುರೇ ಅಮ್ಮ ಒಣಗಿಸುತ್ತಿದ್ದ ಆ ಹಪ್ಪಳ ಮಳೆಗಾಲಕ್ಕೆಂದು ಮಾಡಿದ್ದು. ನಾವು ಡಬ್ಬದಲ್ಲಿ ತುಂಬಿ ಚೆನ್ನೈಗೆ ತರುತ್ತಿದ್ದೆವು. ಅಮ್ಮನ ಜೊತೆ ಕುಳಿತು ಮಳೆ ನೋಡುತ್ತ ತಿಂದಿರಲಿಲ್ಲ. ಈ ಸಲ ಅಡಿಗೆಮನೆಯ ಕೆಲಸ ನಾವೂ ಮಗನೂ ವಹಿಸಿಕೊಂಡೆವು. ಹಪ್ಪಳ ನಾಲ್ಕು ಕರಕಲಾದವು. ಅತ್ತೆ ಸೊಸೆ ಜಗಲಿಯಲ್ಲಿ ಕುಳಿತು ನಗುತ್ತಿದ್ದುದು ಒಳಗೆ ಕೇಳಿಸಿತು.

ಇಷ್ಟು ಹೇಳಿದ ಮೇಲೆ ನಮ್ಮ ಪ್ರಶ್ನೆ ಬೇರೆಯಾದುದು ಹೇಗೆಂದು ಓದುಗರಿಗೆ ಹೊಳೆದಿರಬೇಕು. ಸುಖಪಡುವುದು ತಪ್ಪೇ ಎಂದು ಕೇಳಿಕೊಂಡೆವು, ತಪ್ಪಲ್ಲ. ಅಗ್ಗದ ಕಾಲ ನೋಡಿ ಹೋಗುವುದು ಜಿಪುಣತನವೇ? ಅದೂ ಅಲ್ಲ, ಕೊಡಬೇಕಾದವರಿಗೆ ಕೊಟ್ಟರೆ. ಆದರೆ ಕಡಲುಗಳ ಬಳಿಗೆ ಸೀಸನ್ ಮುಗಿದ ಮೇಲೆ ಹೋಗಲು ಇಷ್ಟು ಲೆಕ್ಕ ಹಾಕಿದ ನಾವು, ನಮ್ಮ ಜನರ ಬಳಿಗೆ ಮಾತ್ರ ಸೀಸನ್ನಿನಲ್ಲೇ ಹೋಗುತ್ತಿದ್ದೆವಲ್ಲ! ಮಾವು ಹಣ್ಣಾದಾಗ, ಮದುವೆಗಳಿದ್ದಾಗ, ಮಕ್ಕಳಿಗೆ ರಜೆಯಿದ್ದಾಗ, ಸರ್ಕಾರ ಟಿಕೆಟ್ಟು ಕೊಟ್ಟಾಗ. ಅವರ ಮಳೆಗಾಲವನ್ನು ಅವರಿಗೇ ಬಿಟ್ಟು, ಊರಿನ ನಂಟು ಉಳಿಸಿಕೊಂಡಿದ್ದೇವೆಂದು ಸಂಘದ ವೇದಿಕೆಯಲ್ಲಿ ಹೇಳಿಕೊಂಡೆವು. ಮುಪ್ಪೆಂಬುದೂ ಒಂದು ಸೀಸನ್ ಮುಗಿದ ಕಾಲವೇ. ಆಗ ಹೋಗುವುದು ಅಗ್ಗವಲ್ಲ. ರಜೆ ಸಾಲದು, ಕೈಯಿಂದ ಖರ್ಚು, ಶಾಲೆಯ ಟೀಚರಿಗೆ ಒಂದು ಪತ್ರ.

ಹಾಗೆಂದು ನಾವೀಗ ಸುಪುತ್ರರಾಗಿಬಿಟ್ಟೆವೆಂದು ಯಾರೂ ತಿಳಿಯಬೇಕಾಗಿಲ್ಲ. ಮೂರು ದಿನ ಹೋಗಿಬಂದದ್ದಕ್ಕೆ ಹೆಂಚು ಸೋರುವುದು ನಿಂತಿಲ್ಲ. ಆಳು ಕರೆದು ಅದೊಂದು ಮೂಲೆಯನ್ನು ಸರಿಪಡಿಸಿ ಬಂದೆವು. ಮುಂದಿನ ಮಳೆಗೆ ಇನ್ನೊಂದು ಮೂಲೆ ಇದ್ದೇ ಇದೆ. ಅಂಡಮಾನಿನ ಬಿಲ್ಲು ಎರಡು ಆಕ್ಷೇಪಣೆಗಳ ನಂತರ ಪಾಸಾಯಿತು. ಊರಿನ ಟಿಕೆಟ್ಟುಗಳಿಗೆ ಯಾವ ಬಿಲ್ಲನ್ನೂ ಬರೆಯಲಿಲ್ಲ. ಆ ವರ್ಷದ ನಮ್ಮ ಡೈರಿಯಲ್ಲಿ ಲೆಕ್ಕಕ್ಕೆ ಹೊಂದದೆ ಉಳಿದ ದಿನಾಂಕ ಅದೊಂದೇ.